ಉಮ್ಮ ಎಳೆದ ಪರದೆ

ಕಪಾಟಿನ ಪರದೆಗೆ ಕೈ ಹಾಕಿದ್ದೇ ತಡ, ಅಶ್ರಫ್ ನನ್ನ ಕೈ ಹಿಡಿದ. "ಬೇಡ ಮಾರಾಯ, ಅದು ಹಾಗೇ ಇರಲಿ" ಅಂದ.

ಸೀತಾಂಗೋಳಿಯ ಅವನ ಮನೆಗೆ ನಾನು ಹೋದದ್ದು, ದುಬೈಯಿಂದ ಅವನ ಭಾವ ತಂದ ಸೂಪರ್‌ಹೀರೊ ಗೊಂಬೆ ನೋಡಲಿಕ್ಕೆ. ಲಿಮಿಟೆಡ್ ಎಡಿಷನ್ ಗೊಂಬೆ ಕೂಡಿಸುವ ಹುಚ್ಚು ನಮ್ಮಿಬ್ಬರಿಗೂ ಕಾಲೇಜಿನ ಕಾಲದಿಂದಲೇ ಉಂಟು. ಅವನ ಗೊಂಬೆಗಳೆಲ್ಲ ಇರುವುದು ಆ ಕಪಾಟಿನಲ್ಲಿ; ಹೊಸ ಗೊಂಬೆ ಮಾತ್ರ ಪೆಟ್ಟಿಗೆ ಸಮೇತ ಮಂಚದ ಕೆಳಗೆ ಬಿದ್ದಿತ್ತು. ಇದನ್ನೆಂತ ಕಪಾಟಿನಲ್ಲಿ ಇಡಲಿಲ್ಲ ಎನ್ನುತ್ತಾ ನಾನೇ ಪರದೆ ಸರಿಸಲು ಹೊರಟಿದ್ದೆ.

ಅಶ್ರಫ್ ಮಂಚದ ಮೇಲೆ ಕೂತು ನಿಧಾನಕ್ಕೆ ಹೇಳಿದ. ತೀರಿಕೊಂಡ ಅವನ ಉಮ್ಮ ನಮಾಜು ಮಾಡುತ್ತಿದ್ದದ್ದು ಅದೇ ಕೋಣೆಯಲ್ಲಿ. ನಮಾಜಿನ ಹೊತ್ತು ಗೊಂಬೆಗಳು ಕಣ್ಣೆದುರು ಇರಬಾರದು ಎಂದು ಐದು ಹೊತ್ತೂ ಅವರೇ ಪರದೆ ಎಳೆಯುತ್ತಿದ್ದರಂತೆ. ಮುಗಿದ ಮೇಲೆ ಅವರೇ ಸರಿಸುತ್ತಿದ್ದರಂತೆ. ಗೊಂಬೆ ತೆಗೆ ಎಂದು ಮಗನಿಗೆ ಒಮ್ಮೆಯೂ ಹೇಳಿದವರಲ್ಲ.

"ಅವತ್ತು ಸಾಯಂಕಾಲವೂ ಪರದೆ ಎಳೆದು ನಮಾಜಿಗೆ ನಿಂತಿದ್ದರು. ನಡುವೆಯೇ ಎದೆನೋವು ಬಂತು. ಮಂಗಳೂರಿಗೆ ಕೊಂಡುಹೋದೆವು, ಉಳಿಯಲಿಲ್ಲ. ಉಮ್ಮ ಎಳೆದ ಪರದೆ ಅದು. ನಾನು ಹೇಗೆ ತೆಗೆಯುವುದು?"

ನಾನು ಪೆಟ್ಟಿಗೆಯನ್ನು ಪುನಃ ಮಂಚದ ಕೆಳಗೆ ತಳ್ಳಿದೆ.

ಅವನ ಉಮ್ಮ ಇದ್ದಾಗ ಆ ಮನೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಹೋದಾಗಲೆಲ್ಲ ಕಪಾಟು ತೆರೆದೇ ಇರುತ್ತಿತ್ತು, ಗೊಂಬೆಗಳು ಸಾಲಾಗಿ ಕಾಣುತ್ತಿದ್ದವು. ಅದನ್ನು ನಮಗಾಗಿ ತೆರೆದಿಡುವ ಕೈಯೊಂದು ಆ ಮನೆಯಲ್ಲಿ ಇತ್ತೆಂದು ನನಗೆ ಗೊತ್ತಾದದ್ದು, ಪರದೆ ಮುಚ್ಚಿಯೇ ಉಳಿದ ಮೇಲೆ.