ಓಡಿಸಿ ನೋಡದೆ ತಂದ ಮಿಷನ್ನು

ನಮ್ಮ ಮನೆಯವರ ಕಸುಬು ಹೋದದ್ದು ಪೂಜೆಯಿಂದ. ಭುಜದ ನೋವಿನಿಂದ ಹೋಯಿತು ಎಂದು ನೆಂಟರಲ್ಲಿ ಈಗಲೂ ಹೇಳುವವರಿದ್ದಾರೆ. ಮಿಷನ್ ಮಾರಿದವನು ಮೋಸ ಮಾಡಿದ ಎಂದೂ ಹೇಳುತ್ತಾರೆ. ಎರಡೂ ಸುಳ್ಳು. ಮಾರಿದವನು ಹೇಳಬೇಕಾದ್ದನ್ನು ಹೇಳಿಯೇ ಕೊಟ್ಟ. ನಾವು ಓಡಿಸಿ ನೋಡುವ ಮೊದಲು ಅದಕ್ಕೆ ಕುಂಕುಮ ಹಚ್ಚಿದೆವು. ನಡೆದದ್ದು ಅಷ್ಟೇ.

ಸಾಸ್ವೆಹಳ್ಳಿಯಲ್ಲಿ ನಮ್ಮದು ಬಡಗಿ ಮನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲುವೆ ನೀರು ಕಂಡವರೆಲ್ಲ ಹೊಸ ಮನೆ ಕಟ್ಟಿಸುತ್ತಿದ್ದರು, ಬಾಗಿಲು ಕಿಟಕಿ ಕೇಳಿಕೊಂಡು ಬರುವವರಿಗೆ ಕಡಿಮೆ ಇರಲಿಲ್ಲ. ಅದೇ ಹೊತ್ತಿಗೆ ನಮ್ಮ ಮನೆಯವರ ಬಲಭುಜ ಹಿಡಿದುಕೊಂಡಿತು. ಗರಗಸವನ್ನು ಎಡಗೈಯಲ್ಲಿ ಹೇಗೋ ಎಳೆಯುತ್ತಿದ್ದರು, ಉಳಿ ಹೊಡೆಯುತ್ತಿದ್ದರು. ಕೀಸುಳಿ ಹಿಡಿದು ಹಲಗೆ ನುಣುಪು ಮಾಡುವುದು ಮಾತ್ರ ಆಗುತ್ತಿರಲಿಲ್ಲ. ಅದಕ್ಕೆ ಮೈಭಾರವೆಲ್ಲ ಭುಜದ ಮೇಲೆ ಬೀಳಬೇಕು. ಒಂದು ಹಲಗೆ ಮುಗಿಸುವಷ್ಟರಲ್ಲಿ ಅವರ ಮುಖ ಬೆವರಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಕೀಸದ ಹಲಗೆಯಿಂದ ಬಾಗಿಲಾಗುವುದಿಲ್ಲ. ಹಲಗೆ ಕೀಸುವ ಮಿಷನ್ ಸಿಕ್ಕರೆ ಬಡಗಿಯಾಗಿ ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆಗಲೇ ಗೋವಿನಕೋವಿಯ ಗೌಡರೊಬ್ಬರು ತಮ್ಮ ಹೊಸ ಮನೆಗೆ ಬೇಕಾದ ತೇಗವನ್ನೆಲ್ಲ ತಂದು ನಮ್ಮ ಅಂಗಳದಲ್ಲಿ ಇಳಿಸಿದ್ದರು. ಗೃಹಪ್ರವೇಶಕ್ಕೆ ದಿನ ಗೊತ್ತಾಗಿತ್ತು.

ಚನ್ನಗಿರಿಯಲ್ಲಿ ಒಬ್ಬ ಸಾಮಿಲ್ ಮಾಲೀಕ ಹಳೇ ಮಿಷನ್ ಮಾರುತ್ತಾನೆ ಎಂಬ ಸುದ್ದಿ ತಂದವರು ನಮ್ಮ ಭಾವ, ಅಂದರೆ ನಮ್ಮ ಮನೆಯವರ ಅಣ್ಣ. ಮನೆಗೆ ಅವರೇ ಯಜಮಾನರು. ಗಾಡಿ ಮಾಡಿಕೊಡುತ್ತ, ಎತ್ತು ಕೊಳ್ಳುವವರ ಜೊತೆ ಸಂತೆ ಸಂತೆ ತಿರುಗಿ, ಎತ್ತಿನ ವಿಷಯದಲ್ಲಿ ಅವರ ಮಾತಿಗೆ ನ್ಯಾಮತಿಯವರೆಗೂ ಬೆಲೆ ಇತ್ತು. ಎತ್ತು ಪರೀಕ್ಷಿಸಲು ಗೊತ್ತಿದ್ದವರಿಗೆ ಎಲ್ಲವನ್ನೂ ಪರೀಕ್ಷಿಸಲು ಬರುತ್ತದೆ ಎಂದು ಅವರು ನಂಬಿದ್ದರು. ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಜಗಳೂರಿನ ನನ್ನ ತವರಿನಿಂದ ಬಂದ ಎಮ್ಮೆ ಮಾರಿದ ದುಡ್ಡೂ ಅದರಲ್ಲಿತ್ತು, ಬೇಡ ಎನ್ನಲು ಅವರಿಗೆ ಬಾಯಿರಲಿಲ್ಲ.

ಮಿಷನ್ ಒಂದು ತಗಡಿನ ಶೆಡ್ಡಿನಲ್ಲಿತ್ತು. ಆಗ ತಾನೇ ನೀಲಿ ಬಣ್ಣ ಬಳಿದಿದ್ದರು. ಮೇಲೆ ಎರಡು ಕಬ್ಬಿಣದ ಹಾಸು, ಹಲಗೆಯನ್ನು ಅದರ ಮೇಲೆ ಇಟ್ಟು ತಳ್ಳಬೇಕು. ಎರಡರ ನಡುವೆ ಬ್ಲೇಡು ಕಟ್ಟಿದ ಉರುಳೆ. ಭಾವ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕಾಲು ದಪ್ಪ ಇದೆಯೇ ನೋಡಿದರು, ಸೊಂಟ ಕೊಟ್ಟು ಅಲ್ಲಾಡಿಸಿದರು. ಅದು ಮಿಸುಕಲಿಲ್ಲ. ಮೈ ಸವರಿ, ಒಳ್ಳೆ ತಳಿ ಎಂದರು.

ಮಾಲೀಕ ನಕ್ಕ. “ಯಜಮಾನ್ರೇ, ಬಾಲ ತಿರುವಿದ್ರೆ ಏಳಾಕೆ ಇದು ಎತ್ತಲ್ಲ. ಸ್ವಿಚ್ ಹಾಕ್ತೀನಿ, ಒಂದು ಹಲಗೆ ಕೊಟ್ಟು ನೋಡ್ರಿ.”

ಭಾವನಿಗೆ ಅದು ಸರಿ ಬರಲಿಲ್ಲ. ನಮ್ಮಲ್ಲಿ ಹೊಸ ಉಳಿ ತಂದರೂ ಪೂಜೆ ಮಾಡದೆ ಮರಕ್ಕೆ ತಾಗಿಸುವುದಿಲ್ಲ. ಬ್ಲೇಡಿರುವ ಕಬ್ಬಿಣವನ್ನು ಪೂಜೆ ಇಲ್ಲದೆ ತಿರುಗಿಸಿದರೆ ರಕ್ತ ಕೇಳುತ್ತದೆ ಎಂದು ಅವರಪ್ಪ ಹೇಳಿದ್ದರಂತೆ. ಇದು ಆಗಲೇ ಎಷ್ಟೋ ಮರ ತಿಂದ ಮಿಷನ್ ಎಂದು ಮಾಲೀಕ ಹೇಳಿ ನೋಡಿದ. ಅದು ನಿಮ್ಮ ಮನೆಯಲ್ಲಿ ಆದದ್ದು, ನಮಗೆ ಹೊಸದೇ ಎಂದರು ಭಾವ.

ಅವರು ಮಾತಾಡುತ್ತಿರುವಾಗ ನಮ್ಮ ಮನೆಯವರು ಮೆಲ್ಲಗೆ ಉರುಳೆಯನ್ನು ಎಡಗೈಯಲ್ಲಿ ಎತ್ತಿ ಬಿಟ್ಟರು. ಒಳಗೆ ಕಟ್ ಎಂದಿತು. ಇನ್ನೊಮ್ಮೆ ಎತ್ತಿದರು, ಮತ್ತೆ ಕಟ್ ಎಂದಿತು. ಬೇರಿಂಗ್ ಬಿಗಿ ಇದ್ದರೆ ಹಾಗೆ ಸದ್ದು ಬರಬಾರದು. ಆಮೇಲೆ ಅಡಿಪಟ್ಟಿ ತೆಗೆದು ಎರಡು ಹಾಸಿನ ಮೇಲೂ ಬರುವ ಹಾಗೆ ನಿಲ್ಲಿಸಿ ಬಗ್ಗಿ ನೋಡಿದರು. ಪಟ್ಟಿಯ ಅಡಿಯಲ್ಲಿ ಒಂದು ಕಡೆ ಬೆಳಕು ಕಾಣುತ್ತಿತ್ತು, ಅಂದರೆ ಹಾಸು ಸಮ ಇರಲಿಲ್ಲ. ಬೇರಿಂಗ್ ಕೂರುವ ಜಾಗದ ಕೆಳಗೆ ಬಣ್ಣ ಸ್ವಲ್ಪ ಉಬ್ಬಿದ ಹಾಗಿತ್ತು. ನಾನು ಉಗುರು ಹಾಕಿದೆ. ಬಿರುಕು ಮುಚ್ಚಲು ಮೆತ್ತುವ ಲಪ್ಪದ ತುಣುಕು ಎದ್ದು ಬಂತು, ಅದರ ಹಿಂದೆ ಕೂದಲೆಳೆಯಂಥ ಗೆರೆ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಭಾವನ ಎದುರು ನಾನು ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ನಾನು ಗಂಡನಿಗೆ ಹೇಳಬೇಕು, ಗಂಡ ಅಣ್ಣನಿಗೆ ಹೇಳಬೇಕು. ಈ ಗೆರೆ ಸೀಳು ಇರಬೇಕು, ಓಡಿಸದೆ ಬೇಡವೇ ಬೇಡ ಎಂದು ನಾನು ಹೇಳಿದೆ. ಅವರು ಅಣ್ಣನ ಹತ್ತಿರ ಹೋಗಿ, ಇನ್ನೊಂದು ಸಲ ನೋಡಿದರೆ ಹೆಂಗೆ ಎಂದು ಕೇಳಿದರು. ನನ್ನ ಬಾಯಲ್ಲಿದ್ದ ಖಾರದಲ್ಲಿ ಒಂದು ಚಿಟಿಕೆಯೂ ಅಲ್ಲಿಗೆ ಮುಟ್ಟಲಿಲ್ಲ. ನೋಡಿ ಆಯಿತಲ್ಲ ಎಂದರು ಭಾವ.

ದುಡ್ಡು ಎಣಿಸಿಕೊಂಡು ಮಾಲೀಕ ಕೊನೆಗೆ ಒಂದು ಮಾತು ಹೇಳಿದ, ಅದು ನನಗೆ ಇವತ್ತಿಗೂ ನೆನಪಿದೆ. “ಹಳೇ ಮಾಲು, ಹೊಟ್ಟೆಯಾಗೆ ಏನೈತೋ ನನಗೂ ಪೂರಾ ಗೊತ್ತಿಲ್ಲ. ಊರಾಗೆ ಓಡ್ಸಿ ನೋಡ್ರಿ. ಸರಿ ಬರಲಿಲ್ಲ ಅಂದ್ರೆ ಮುಂದಿನ ಸಂತೆ ಒಳಗೆ ವಾಪಸ್ ತಂದು ಹಾಕ್ರಿ, ನಿಮ್ಮ ದುಡ್ಡು ನಿಮಗೆ.”

ಇದಕ್ಕಿಂತ ನ್ಯಾಯ ಏನು ಬೇಕು?

ಟ್ರ್ಯಾಕ್ಟರಿನಲ್ಲಿ ಬಂದ ಮಿಷನ್ನನ್ನು ಹಿಟ್ಟಿನ ಗಿರಣಿಯ ಪಕ್ಕದ ನಮ್ಮ ಶೆಡ್ಡಿನಲ್ಲಿ ಇಳಿಸಿದರು. ಗಿರಣಿಯಿಂದಲೇ ಕರೆಂಟು ಎಳೆದದ್ದು. ಮೊದಲು ಸುಮ್ಮನೆ ಒಂದು ಹಲಗೆ ಕೀಸಿ ನೋಡಿ, ಪೂಜೆ ನಾಳೆ ಮಾಡೋಣ ಎಂದು ಗಂಡನಿಗೆ ಹೇಳಿದೆ. ಅವರು ಬಾಯಿ ತೆರೆಯುವಷ್ಟರಲ್ಲಿ ಭಾವ ವಿಭೂತಿ ಎಳೆದಾಗಿತ್ತು. ಅರಿಸಿನ, ಕುಂಕುಮ, ಹೂವು, ಕಾಯಿ. ನಾಲ್ಕೂ ಕಾಲಿನ ಹತ್ತಿರ ನಿಂಬೆಹಣ್ಣು. ಗಿರಣಿಗೆ ಬಂದ ಹೆಂಗಸರೆಲ್ಲ ಕೈಮುಗಿದು ಮಂಡಕ್ಕಿ ಬೆಲ್ಲ ತಿಂದು ಹೋದರು.

ಆಮೇಲೆ ಸ್ವಿಚ್ ಹಾಕಿದರು. ಶೆಡ್ಡಿನ ತಗಡು ಅದುರಿತು. ಗೌಡರ ಹಲಗೆಯನ್ನು ನಮ್ಮ ಮನೆಯವರು ಎಡಗೈಯಲ್ಲಿ ಒತ್ತಿ ತಳ್ಳಿದರು. ಆಚೆ ಬಂದಾಗ ಅದರ ಮೈ ಜಿಂಕ್ ಶೀಟಿನ ಹಾಗೆ ಅಲೆ ಅಲೆಯಾಗಿತ್ತು. ಬ್ಲೇಡು ಏರಿಸಿ ಇಳಿಸಿ ಇನ್ನೊಂದು ಹಲಗೆ ತಳ್ಳಿದರು, ಮತ್ತೆ ಅದೇ ಅಲೆ. ಬೇರಿಂಗಿನಿಂದ ಸುಟ್ಟ ಎಣ್ಣೆಯ ವಾಸನೆ ಬಂತು. ನಿಲ್ಲಿಸಿದಾಗ ನನ್ನ ಉಗುರಿಗೆ ಸಿಕ್ಕ ಗೆರೆ ಬಾಯಿ ಬಿಟ್ಟಿತ್ತು, ಪೋಸ್ಟ್ ಕಾರ್ಡ್ ತೂರಿಸಬಹುದಿತ್ತು.

ಸಂತೆಗೆ ಇನ್ನೂ ದಿನಗಳಿದ್ದವು. ಅವತ್ತು ನಾನು ಪದ್ಧತಿ ನೋಡಲಿಲ್ಲ. ಸೆರಗು ಹೊದ್ದು ಭಾವನ ಎದುರಿಗೇ ನಿಂತೆ. “ಟ್ರ್ಯಾಕ್ಟರ್ ಇನ್ನೂ ಊರಾಗೆ ಐತೆ. ಈಗ್ಲೇ ಹೇರಿ ಕಳಿಸ್ರಿ. ಅವ್ರು ವಾಪಸ್ ತಗೊತೀನಿ ಅಂದಾರೆ.”

ಅವರು ತಮ್ಮನ ಕಡೆ ತಿರುಗಿದರು. “ಪೂಜೆ ಆದ ಕಬ್ಬಿಣ ಹೊರಗೆ ಕಳಿಸಿದ್ರೆ ಮನೆ ಉಳಿತೈತೇನು ಅಂತ ಕೇಳು ನಿನ್ನ ಹೆಂಡ್ತಿನ. ನಾಳೆ ಇವಳನ್ನೂ ಮನೆ ತುಂಬಿಸ್ಕೊಂಡ ಮ್ಯಾಲೆ ಜಗಳೂರಿಗೆ ಕಳಿಸಾಕೆ ಆಕೈತೇನು?”

“ನನಗೆ ಬಿರುಕು ಬಿಟ್ಟಿಲ್ಲ” ಎಂದೆ.

ನಮ್ಮ ಮನೆಯವರು ನೆಲ ನೋಡುತ್ತ, “ಬಿಡೆ, ಆತು” ಎಂದರು. ಆ ಭುಜ ಹೊತ್ತುಕೊಂಡ ಮನುಷ್ಯ ಅಣ್ಣನ ಮಾತಿಗೆ ಎದುರಾಡಿ ಇನ್ನೆಲ್ಲಿಗೆ ಹೋಗಬೇಕು? ಮಿಷನ್ ಎತ್ತಲು ಎಂಟು ಗಂಡಸರು ಬೇಕಿತ್ತು. ಎತ್ತಿರಪ್ಪ ಎಂದರೆ ನನ್ನ ಮಾತಿಗೆ ಒಬ್ಬನೂ ಬರುತ್ತಿರಲಿಲ್ಲ.

ಸಂತೆ ಬಂತು, ಹೋಯಿತು. ಹೊಸ ಎತ್ತು ನೊಗಕ್ಕೆ ಹೊಂದಿಕೊಳ್ಳಲು ಸ್ವಲ್ಪ ದಿನ ಹಿಡಿಯುತ್ತದೆ ಎಂದು ಭಾವ ಗಿರಣಿಯವರಿಗೆ ಹೇಳುತ್ತಿದ್ದರು. ಹೊನ್ನಾಳಿಯಿಂದ ಬಂದ ಮೇಸ್ತ್ರಿ ನೋಡಿ, ಇದು ಬೀಡು ಕಬ್ಬಿಣ, ಹಿಂದೆಯೂ ಇಲ್ಲಿ ಬೆಸುಗೆ ಹಾಕಿದ್ದಾರೆ, ನಿಂತಿಲ್ಲ, ಇನ್ನು ನಿಲ್ಲುವುದೂ ಇಲ್ಲ, ಹೊಸ ಬೇರಿಂಗ್ ತಂದರೂ ಕೂರಲು ಜಾಗವೇ ಇಲ್ಲ ಎಂದು ಹೇಳಿ ಚಹಾ ಕುಡಿದು ಹೋದ. ನಮ್ಮ ಮನೆಯವರು ಮತ್ತೆ ಕೀಸುಳಿ ಹಿಡಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಹಲಗೆಯೂ ಮುಗಿಯುತ್ತಿರಲಿಲ್ಲ. ನಾನು ಕೀಸುಳಿಯ ಮುಂದಿನ ತುದಿಗೆ ಹಗ್ಗ ಕಟ್ಟಿ ಎಳೆದುಕೊಟ್ಟು ನೋಡಿದೆ. ಹೆಂಗಸಿನ ಕೈ ತಾಗಿದ ಬಾಗಿಲು ಎಂದು ಗೌಡರ ಕಿವಿಗೆ ಬಿದ್ದೀತು, ಬೇಡ ಎಂದರು ನಮ್ಮ ಮನೆಯವರು.

ಕೊನೆಗೆ ಗೌಡರೇ ಎರಡು ಗಾಡಿ ಕಟ್ಟಿಕೊಂಡು ಬಂದರು. ಕೂಗಾಡಲಿಲ್ಲ, ಒಳ್ಳೆಯ ಮನುಷ್ಯ. ಪ್ರವೇಶದ ದಿನ ಹತ್ತಿರ ಬಂತು, ಸವಳಂಗದಲ್ಲಿ ಒಬ್ಬರು ಬೇಗ ಮಾಡಿಕೊಡುತ್ತಾರಂತೆ, ತಪ್ಪು ತಿಳಿಯಬ್ಯಾಡ್ರಿ ಎಂದರು. ನಮ್ಮ ಮನೆಯವರೇ ಮುಂದೆ ನಿಂತು ಎಡಗೈಯಲ್ಲಿ ಹಲಗೆ ಎತ್ತಿ ಎತ್ತಿ ಗಾಡಿಗೆ ಇಟ್ಟರು. ಅಲೆ ಬಿದ್ದ ಎರಡನ್ನು ತೆಗೆದು, ಇವನ್ನು ಮೇಲೆ ಇಡಿ, ಅಡಿಗೆ ಹೋದರೆ ಸೊಟ್ಟಗಾಗುತ್ತವೆ ಎಂದು ಗಾಡಿಯವನಿಗೆ ಹೇಳಿದರು. ಅಂಗಳ ಖಾಲಿಯಾಯಿತು. ಕೀಸುಳಿಯ ಬ್ಲೇಡು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟಿ ಮುಚ್ಚಿಟ್ಟು, ಸೀರೆ ಎತ್ತಿ ಕಟ್ಟಿ, ಭತ್ತದ ನಾಟಿಗೆ ಹೋಗುವ ಹೆಂಗಸರ ಹಿಂದೆ ನಡೆದೆ. ಅದುವರೆಗೆ ನಮ್ಮ ಮನೆಯಿಂದ ಯಾರೂ ಕೂಲಿಗೆ ಹೋದವರಲ್ಲ. ಆ ಹೆಂಗಸರು ಸರಿದು ಸಾಲಿನಲ್ಲಿ ಜಾಗ ಕೊಟ್ಟರು, ಒಬ್ಬಳು ಕೈಗೆ ಸಸಿಯ ಕಟ್ಟು ಕೊಟ್ಟಳು. ನಾನು ಬಗ್ಗಿದೆ.