ಫೋಟೊಗೆ ನಿಲ್ಲದ ಹೆಂಗಸು

ಇವತ್ತು ಬೆಳಿಗ್ಗೆ ಕಪಾಟು ತೆಗೆದರೆ ನುಸಿಗುಳಿಗೆಯ ವಾಸನೆಯ ಜೊತೆ ನಮ್ಮ ಮಹಿಳಾ ಕ್ಲಬ್ಬಿನ ಗುಲಾಬಿ ಸೀರೆ ಕಾಲ ಮೇಲೆ ಬಿತ್ತು. ಆ ಸೀರೆಯುಟ್ಟು ಇಪ್ಪತ್ತೆರಡು ಹೆಂಗಸರು ಜಮಖಂಡಿಯ ರಸ್ತೆಗಿಳಿದರೆ ಆಕಳುಗಳೂ ದಾರಿ ಬಿಡುತ್ತಿದ್ದವು, ನಂಬಿ. ನಮ್ಮದು ಒಂದೇ ನಿಯಮ: ಮೊದಲು ಫೋಟೊ, ಆಮೇಲೆ ಸೇವೆ. ಒಮ್ಮೆ ಫೋಟೊದವನು ತಡವಾಗಿ ಬಂದನೆಂದು ನೆಟ್ಟ ಸಸಿಯನ್ನೇ ಕಿತ್ತು ಮತ್ತೆ ನೆಟ್ಟಿದ್ದೆವು.

ಒಂದು ವರ್ಷ ಮಾನವ ಕಳ್ಳಸಾಗಣೆಯ ಬಗ್ಗೆ ಜಾಗೃತಿ ಮೂಡಿಸಬೇಕೆಂದು ತೀರ್ಮಾನವಾಯಿತು. ಅಧ್ಯಕ್ಷೆ ಶೈಲಜಕ್ಕ ಭಾಷಣವನ್ನು ನನ್ನ ತಲೆಗೆ ಕಟ್ಟಿದರು. ಬನಹಟ್ಟಿಯಲ್ಲಿ ಮಗ್ಗ ನಿಲ್ಲಿಸಿ ಬಂದಿದ್ದ ಹೆಂಗಸರ ಮುಂದೆ ನಲವತ್ತು ನಿಮಿಷ ಮಾತಾಡಿದೆ. ಜಾಲ, ಸಂತ್ರಸ್ತೆ, ಪುನರ್ವಸತಿ, ಒಂದು ಪದವನ್ನೂ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಮೂವರು ನಿದ್ದೆ ಹೋದರು.

ಮುಗಿದ ಮೇಲೆ ಸಾವಕ್ಕ ಎಂಬ ನೇಕಾರ ಹೆಂಗಸು ಎದ್ದು ನಿಂತಳು.

"ಬಾಯಾರ, ನಾಳಿ ಮುಂಜಾನಿ ಬಸ್ಸಿಗೆ ನನ್ನ ಮಗಳು ಕಾವೇರಿನ ಕೆಲಸಕ್ಕಂತ ಪುಣೇಕ ಕರಕೊಂಡು ಹೊಂಟಾರ್ರಿ. ಕರಕೊಂಡು ಹೋಗಾಕಿ ಭಾಳ ಛಲೋ ಅದಾಳ. ನಿಮ್ಹಂಗ ಸೀರಿ ಉಡ್ತಾಳ, ನಿಮ್ಹಂಗ ಮಾತಾಡ್ತಾಳ."

"ಯಾವ ಕಂಪನಿ ಅಂತ ಕೇಳೀರೇನು?" ಎಂದೆ.

"ನೀವು ಯಾವ ಕ್ಲಬ್ಬಿನವ್ರು ಅಂತ ನಾ ಕೇಳೇನೇನ್ರಿ?"

ನನ್ನ ಭಾಷಣದ ಕಳ್ಳರಿಗೆಲ್ಲ ದಪ್ಪ ಮೀಸೆ, ಕೆಂಪು ಕಣ್ಣು ಇದ್ದವು. ನನ್ನಂಥ ಹೆಂಗಸು ಅದರಲ್ಲಿ ಇರಲಿಲ್ಲ.

ಮರುದಿನ ನಾವು ಐವರು ಬಸ್‌ಸ್ಟ್ಯಾಂಡಿಗೆ ಹೋದೆವು. ಠಾಣೆಗೆ ಫೋನ್ ಮಾಡಿದ್ದೆವು, ಪೊಲೀಸರು ಬರುವ ಮೊದಲೇ ಬಸ್ಸು ಬಂತು. ಹದಿನೇಳರ ಕಾವೇರಿ ಚೀಲ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಆ ಹೆಂಗಸು. ಗಾಬರಿಯಲ್ಲಿ ಶೈಲಜಕ್ಕನಿಗೆ ಹೊಳೆದದ್ದು ಹಳೆಯ ಚಟವೇ.

"ಅಕ್ಕಾರ, ಬಡವರ ಹುಡುಗೀಗೆ ಕೆಲಸ ಕೊಡಸಾಕತ್ತೀರಿ. ಒಂದು ಫೋಟೊ ಆಗ್ಲಿ, ಪೇಪರಿಗೆ ಹಾಕಸ್ತೀವಿ!"

ಐವರೂ ಸುತ್ತ ನಿಂತೆವು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು, "ನೀರಿನ ಬಾಟ್ಲಿ ತರ್ತೇನಿ" ಎಂದು ಹೋದವಳು ತಿರುಗಿ ಬರಲಿಲ್ಲ. ಬಸ್ಸು ಹೊರಟುಹೋಯಿತು.

ಕಾವೇರಿ ಕೈಮುಗಿಯುತ್ತಾಳೆಂದು ಕಾದೆವು. ಅವಳು ಚೀಲವನ್ನು ನೆಲಕ್ಕೆ ಒಗೆದಳು.

"ನನ್ನ ಕೆಲಸ ಕಳದ್ರಲ್ಲ! ಇನ್ನ ನೀವು ಕೊಡ್ತೀರೇನು?"



ಅದಕ್ಕೆ ಉತ್ತರ ಕೊಡಲು ಒಂದು ವರ್ಷ ಹಿಡಿಯಿತು. ಬೆಳಗಾವಿಯ ಹೊಲಿಗೆ ಕಾರ್ಖಾನೆಯೊಂದಕ್ಕೆ ನಾನೂ ಶೈಲಜಕ್ಕನೂ ಹೋಗಿ, ಹುಡುಗಿಯರ ಕೋಣೆಯ ಚಿಲಕ ಒಳಗಿದೆಯೋ ಹೊರಗಿದೆಯೋ ಎಂಬುದನ್ನೂ ನೋಡಿ ಬಂದೆವು. ಹದಿನೆಂಟು ತುಂಬಿದ ಮೇಲೆ ಕಾವೇರಿ ಅಲ್ಲಿ ಸೇರಿದಳು. ಈಗಲೂ ಸಿಕ್ಕಾಗೆಲ್ಲ, "ಪುಣೆ ನೋಡೂದು ತಪ್ಪಿಸಿದ್ರಿ ನೀವು" ಎಂದು ಬೈಯುತ್ತಾಳೆ.

ನಿನ್ನೆ ಬೀಳಗಿಯಲ್ಲಿ ಸಭೆಯಿತ್ತು. ಎರಡೇ ನಿಮಿಷ ಮಾತಾಡಿ, "ನಿಮ್ಮ ಓಣ್ಯಾಗಿಂದ ಯಾರರ ಕೆಲಸಕ್ಕಂತ ಹೋಗಿ ಸುದ್ದಿ ಇಲ್ಲದಂಗ ಆಗ್ಯಾರೇನ್ರಿ?" ಎಂದು ಕೇಳಿ ಕುಳಿತುಬಿಟ್ಟೆ. ಶೈಲಜಕ್ಕ ಕೆಮ್ಮಿದರು. ನಾನು ಬಾಯಿ ತೆರೆಯಲಿಲ್ಲ. ಅದು ನನಗೆಷ್ಟು ಕಷ್ಟವೆಂಬುದನ್ನು ನನ್ನ ಗಂಡನ ಹತ್ತಿರ ಕೇಳಬೇಕು.

ಕೊನೆಗೆ ಬಾಗಿಲ ಬಳಿಯ ಮುದುಕಿಯೊಬ್ಬಳು ಬಾಯಿ ಬಿಟ್ಟಳು. "ನನ್ನ ಮೊಮ್ಮಗಳು ಹೋಗಿ ಎರಡು ವರ್ಷ ಆತವಾ."

"ಇಷ್ಟು ದಿನ ಯಾಕ ಹೇಳಲಿಲ್ಲ ಆಯಿ?" ಎಂದೆ.

"ಯಾರು ಕೇಳ್ಯಾರ?"

ಈಗ ಹತ್ತು ಗಂಟೆ. ಆ ಆಯಿಯನ್ನು ಠಾಣೆಗೆ ಕರೆದುಕೊಂಡು ಹೋಗಬೇಕು. ದೂರು ಬರೆದುಕೊಳ್ಳುವವರೆಗೆ ಅಲ್ಲಿಂದ ಏಳುವವಳಲ್ಲ ನಾನು.