ಮಾಸ್ಟರ್ ಮುಟ್ಟಿ ನೋಡಿದ ಕಾರ್ಡುಗಳು

ಅವರ ಬಲಗೈಯ ಮೂರು ಬೆರಳುಗಳ ತುದಿ ಗೋಲಿಯಂತೆ ನುಣ್ಣಗಿತ್ತು. ಗೆರೆ ಎಂಬುದೇ ಇರಲಿಲ್ಲ. ಮದ್ರಾಸಿನ ತ್ರಿಪ್ಲಿಕೇನಿನ ಒಂದು ಉಡುಪಿ ಹೋಟೆಲಿನಲ್ಲಿ ಹದಿನೆಂಟು ವರ್ಷ ದೋಸೆಕಾವಲಿಯ ಮುಂದೆ ನಿಂತು, ಕಾವು ಬಂತೇ ಎಂದು ಬೆರಳಿನಿಂದಲೇ ಮುಟ್ಟಿ ನೋಡಿ ಸಂಪಾದಿಸಿದ ನುಣುಪು ಅದು. ಆ ಕೆಲಸ ಬಿಟ್ಟದ್ದೂ ಘನತೆಯಿಂದಲೇ. ನಿನ್ನೆಯ ಹುಳಿಹಿಟ್ಟನ್ನು ಇಂದಿನದಕ್ಕೆ ಬೆರೆಸು ಎಂದ ಮಾಲೀಕನ ತಲೆಗೆ ಇಡೀ ಪಾತ್ರೆಯನ್ನು ಕವುಚಿ, ದೋಸೆ ಮಗುಚುವ ಕಬ್ಬಿಣದ ಸಟ್ಟುಗವೊಂದನ್ನು ಹಿಡಿದು ಹೊರನಡೆದರು. ಷಡ್ಡಕನೊಡನೆ ಸೇರಿ ರಿಚೀ ಸ್ಟ್ರೀಟಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಹಾಕಿದರು. ಷಡ್ಡಕ ಮೂರು ತಿಂಗಳು ಅವರ ಸಟ್ಟುಗದ ಏಟು ತಿಂದು ಪಾಲು ಬಿಟ್ಟುಕೊಟ್ಟು ಹೋದ. ಅಡುಗೆಯವರಿಗೆ ಮದ್ರಾಸು ಕೊಡುವ ‘ಮಾಸ್ಟರ್’ ಎಂಬ ಬಿರುದು ಮಾತ್ರ ಹೊಸ ಉದ್ಯೋಗಕ್ಕೂ ಜೊತೆಗೆ ಬಂತು. ಇಡೀ ಬೀದಿ ಅವರನ್ನು ಹಾಗೆಯೇ ಕರೆಯುತ್ತಿತ್ತು, ತುಸು ದೂರ ನಿಂತು.

ಎರಡು ಸಾವಿರದ ಏಳರ ಸುಮಾರು. ನಾನು ಹಾಸನದ ಕಡೆಯಿಂದ ಹೊಸದಾಗಿ ಬಂದವನು. ಹಗಲು ಮಣಲಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಸಂಜೆ ವೆಸ್ಟ್ ಮಾಂಬಲಂನ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ನರಸಂಹಾರ. ದಿನಕ್ಕೆ ಇನ್ನೂರು ಮುನ್ನೂರು ಜನರನ್ನು ಗುಂಡಿಟ್ಟು ಕೊಂದು, ಕೈ ತೊಳೆದು ಮೊಸರನ್ನ ಉಣ್ಣುತ್ತಿದ್ದೆ. ನನಗಿದ್ದ ದುಃಖ ಒಂದೇ. ಚಿತ್ರ ತಡವರಿಸುತ್ತಿತ್ತು, ನಾನು ಗುರಿಯಿಡುವಷ್ಟರಲ್ಲಿ ಶತ್ರು ನನ್ನನ್ನೇ ಮುಗಿಸಿರುತ್ತಿದ್ದ. ಒಳ್ಳೆಯ, ಆದರೆ ಅಗ್ಗದ ಗ್ರಾಫಿಕ್ಸ್ ಕಾರ್ಡು ಬೇಕಾಗಿತ್ತು.

ಮಾಸ್ಟರ ಅಂಗಡಿಗೆ ಹೋಗಿ, ಹರಕು ತಮಿಳಿನಲ್ಲಿ, ಐನೂರ ಹನ್ನೆರಡು ಎಂಬಿ ಮೆಮೊರಿಯ ಕಾರ್ಡು ಕೊಡಿ ಎಂದೆ.

“ನಿನ್ನ ತಮಿಳು ಸಾಕು ಮಾರಾಯ, ಕಿವಿ ನೋಯ್ತದೆ. ಕನ್ನಡದಲ್ಲೇ ಹೇಳು. ಐನೂರ ಹನ್ನೆರಡೇ ಯಾಕೆ?”

“ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ ಸಾರ್?”

ಸಟ್ಟುಗದ ಚಪ್ಪಟೆ ಬದಿ ನನ್ನ ಮೊಣಕೈಗೆ ಬಿತ್ತು. ನಮ್ಮ ಪರಿಚಯವಾದದ್ದು ಹೀಗೆ.

“ಹಿಟ್ಟಿನ ಪಾತ್ರೆ ದೊಡ್ಡದಾದ್ರೆ ದೋಸೆ ಬೇಗ ಬೇಯ್ತದಾ? ಅದರ ಮೆಮೊರಿ ಡಿಡಿಆರ್-ಟೂ. ದೊಡ್ಡದು, ಆದ್ರೆ ಸೋಮಾರಿ. ಇದು ಡಿಡಿಆರ್-ತ್ರೀ. ಇನ್ನೂರೈವತ್ತಾರೇ ಇರುದು. ಓಟ ನೋಡು ಇದರದ್ದು.”

ಹಲಗೆಯ ಮೇಲೆ ಬಿಚ್ಚಿಟ್ಟ ಕಂಪ್ಯೂಟರಿಗೆ ಎರಡನ್ನೂ ಒಂದಾದ ಮೇಲೊಂದು ಸಿಕ್ಕಿಸಿದರು. ಕಾರ್ಖಾನೆ ಗೊತ್ತುಮಾಡಿದ ವೇಗವನ್ನು ಮೀರಿಸಿ ಕಾರ್ಡನ್ನು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಬೇರೆಯವರು ಅದಕ್ಕೆ ಉಷ್ಣತೆ ತೋರಿಸುವ ತಂತ್ರಾಂಶ ನೋಡುತ್ತಿದ್ದರು. ಮಾಸ್ಟರು ವೇಗ ಏರಿಸುತ್ತಾ, ಕಾರ್ಡಿನ ಶಾಖ ಹೀರುವ ಅಲ್ಯುಮಿನಿಯಂ ಪಟ್ಟಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಎಣಿಸುತ್ತಿದ್ದರು. ಹತ್ತರವರೆಗೆ ಬೆರಳು ನಿಂತರೆ ಇನ್ನೂ ಏರಿಸಬಹುದು. ಐದಕ್ಕೇ ಎಳೆದುಕೊಳ್ಳಬೇಕಾಗಿ ಬಂದರೆ ಸಾಕು. ಡಿಡಿಆರ್-ಟೂ ತುಸು ಏರಿಸಿದ್ದೇ ತಡ, ಪರದೆಯ ತುಂಬ ಬಣ್ಣದ ಚುಕ್ಕೆಗಳೆದ್ದವು. ಇನ್ನೊಂದು ಓಡುತ್ತಲೇ ಇತ್ತು.

“ಇದು ಇನ್ನೂ ಪೆಟ್ಟು ತಡೀತದೆ,” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಲಿಲ್ಲ.

ಆಮೇಲೆ ಪ್ರತಿ ಶನಿವಾರ ಅಲ್ಲೇ ನನ್ನ ಠಿಕಾಣಿ. ಅವರು ಎಣಿಸುವರು, ನಾನು ನೋಟ್‌ಬುಕ್ಕಿನಲ್ಲಿ ವೇಗ ಬರೆದುಕೊಳ್ಳುವೆ. ಆ ಬೀದಿಯಲ್ಲಿ ಹಾಗೆ ಬರೆದುಕೊಳ್ಳುತ್ತಿದ್ದವನು ನಾನೊಬ್ಬನೇ.

ಒಂದು ದಿನ ಸಗಟು ವ್ಯಾಪಾರಿಯೊಬ್ಬನ ಏಜೆಂಟು ಹೊಸ ಕಾರ್ಡುಗಳನ್ನು ತಂದ. ಡಬ್ಬದ ಮೇಲೆ ಡಿಡಿಆರ್-ತ್ರೀ ಎಂಬ ಚೀಟಿ; ಒಳಗೆ ಮೆಮೊರಿ ಕಾಣದಂತೆ ಅಗಲವಾದ ಪಟ್ಟಿ. ಒಂದನ್ನು ಓಡಿಸಿ ನೋಡುವಾಗಲೇ ಮಾಸ್ಟರಿಗೆ ಅನುಮಾನ ಬಂತು. ಇನ್ನೊಂದು ಕಾರ್ಡಿನ ಪಟ್ಟಿಯನ್ನು ಸಟ್ಟುಗದಿಂದ ಎಬ್ಬಿದರು. ಮೆಮೊರಿ ಚಿಪ್ಪಿನ ಬೆನ್ನ ಮೇಲಿನ ಅಕ್ಷರ ಓದಿದರು. ಅದು ಹಳೆಯ ಸೋಮಾರಿ ಡಿಡಿಆರ್-ಟೂ. ಏಜೆಂಟನ ಮಣಿಕಟ್ಟು ಹಿಡಿದು, ಓಡಿ ಓಡಿ ಕಾದಿದ್ದ ಮೊದಲಿನ ಕಾರ್ಡಿನ ಮೇಲೆ ಅವನ ಬೆರಳನ್ನು ಒತ್ತಿದರು.

“ಎಣಿಸು!”

“ಮಾಸ್ಟರ್, ವಿಡುಂಗ! ವಿಡುಂಗ ಮಾಸ್ಟರ್!”

“ಬಿಡುದಾ? ಎಣಿಸು ಮಾರಾಯ, ಬಿಡ್ತೇನೆ!”

ನಾಲ್ಕರವರೆಗೆ ಎಣಿಸಿದ. ಅಂದಿನಿಂದ ಆ ಚೀಟಿಯ ಡಬ್ಬ ಯಾರು ತಂದರೂ ಮಾಸ್ಟರು ಎಲ್ಲರ ಕಣ್ಣೆದುರೇ ಬಿಚ್ಚಿ ತೋರಿಸತೊಡಗಿದರು. ಸಗಟು ವ್ಯಾಪಾರಿಯ ಮಾಲು ಬೀದಿಯಲ್ಲಿ ಕೊಳ್ಳುವವರಿಲ್ಲದೆ ಕೂತಿತು.

ಇಂಥ ಸತ್ಯ ಲೋಕಕ್ಕೆ ತಿಳಿಯದೆ ಹೋಗಬಾರದೆಂದು ನನಗನ್ನಿಸಿತು. ಕಂಪ್ಯೂಟರ್ ಹುಚ್ಚರು ಚರ್ಚಿಸುವ ಇಂಟರ್ನೆಟ್ ತಾಣವೊಂದರಲ್ಲಿ ಇಂಗ್ಲಿಷಿನಲ್ಲಿ ಉದ್ದದ ಲೇಖನ ಬರೆದೆ. ಅಗ್ಗದ ಕಾರ್ಡುಗಳಲ್ಲಿ ಯಾವುದರದು ಯಾವ ಮೆಮೊರಿ, ಯಾವುದು ಎಷ್ಟು ವೇಗ ತಡೆಯುತ್ತದೆ, ಯಾವ ಡಬ್ಬ ಸುಳ್ಳು ಹೇಳುತ್ತದೆ ಎಲ್ಲವೂ ಅದರಲ್ಲಿತ್ತು. ಕೊನೆಗೆ ಮಾಸ್ಟರಿಗೆ ಹೃತ್ಪೂರ್ವಕ ಕೃತಜ್ಞತೆ, ಅಂಗಡಿಯ ನಂಬರು ಸಮೇತ. ಕೆಳಗಿನ ನನ್ನ ಹೆಸರು ಮಾತ್ರ ಸುಳ್ಳಿನದು.

ಹತ್ತು ದಿನದ ಮೇಲೆ, ಮಟಮಟ ಮಧ್ಯಾಹ್ನ, ಬೀದಿ ತುಂಬಿ ಹರಿಯುತ್ತಿದ್ದಾಗ, ನಾಲ್ಕು ಜನ ಬಂದು ಮಾಸ್ಟರನ್ನು ಹೊಸ್ತಿಲಿಗೆ ಕೆಡವಿ, ಬಲಗೈ ಅಲ್ಲಿಟ್ಟು, ಕಬ್ಬಿಣದ ಶಟರನ್ನು ಅದರ ಮೇಲೆ ಇಳಿಸಿದರು.

ನಾನು ಆಸ್ಪತ್ರೆಗೆ ಹೋದಾಗ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಬಾಗಿಲಲ್ಲೇ ಅಳುತ್ತ, ಇಂಟರ್ನೆಟ್ಟಿನಲ್ಲಿ ಆ ಲೇಖನ ಬರೆದವನು ನಾನೇ ಎಂದೆ. ಹತ್ತಿರ ಕರೆದರು. ಎಡಗೈಯಿಂದ ಕೆನ್ನೆಗೆ ಬಾರಿಸಿದರು.

“ಕಾಗದ ಉಂಟಾ? ಓದು. ಕನ್ನಡದಲ್ಲಿ ಹೇಳ್ತಾ ಹೋಗು.”

ಓದಿದೆ. ಮೂರನೆಯ ಕಾರ್ಡಿಗೆ ಬಂದಾಗ ಕಣ್ಣು ಬಿಟ್ಟರು.

“ಎಂತ, ಏಳುನೂರ ಎಂಬತ್ತಾ? ಎಂಟುನೂರ ಇಪ್ಪತ್ತು ಓಡಿತ್ತು ಅದು. ಬಾಯಿಗೆ ಬಂದದ್ದು ಬರೆಯುದಾ? ತಿದ್ದು.”

“ಅಂಗಡಿ ನಂಬರ್ ತೆಗೆದುಬಿಡ್ತೀನಿ ಮಾಸ್ಟ್ರೇ.”

“ಯಾಕೆ? ಅಂಗಡಿ ಅಲ್ಲೇ ಉಂಟಲ್ಲ!”

ಎರಡು ತಿಂಗಳಿಗೆ ಅಂಗಡಿ ತೆರೆದರು. ಎಡಗೈ ಆ ಕೆಲಸಕ್ಕೆ ಹೊಸಬ. ಮೂರಕ್ಕೇ ಸುಟ್ಟುಕೊಂಡು, ಕಾರ್ಡಿಗೂ ನನಗೂ ಸಮನಾಗಿ ಬೈಯುತ್ತಿದ್ದರು. ಡಬ್ಬ ಬಿಚ್ಚುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಎರಡು ವರ್ಷದ ನಂತರ, ಗಿರಾಕಿಯೊಬ್ಬನಿಗೆ ಬೈಯುತ್ತಿದ್ದಾಗಲೇ ಅವರ ಎದೆಬಡಿತ ನಿಂತಿತು. ಸುಡುಗಾಡಿನಿಂದ ಹೊರಬರುವಾಗ ಪಕ್ಕದ ಅಂಗಡಿಯ ತಮಿಳಿನವನು ನನ್ನ ಜೊತೆ ನಡೆದ. ಅಂದು ಶಟರು ಇಳಿದದ್ದು ಒಂದು ಸಲವಲ್ಲ ಎಂದ. ಮೊದಲನೆಯದು ಡಬ್ಬ ಬಿಚ್ಚಿದ್ದಕ್ಕೆ. ಆಮೇಲೆ ಬಂದವರು ತಾವು ಅಚ್ಚುಹಾಕಿಸಿ ತಂದಿದ್ದ ನನ್ನ ಲೇಖನವನ್ನು ಮುಖಕ್ಕೆ ಹಿಡಿದು “ಯಾರುಡಾ ಎಳುದುನದು?” ಎಂದು, ಬರೆದವನ ಹೆಸರು ಕೇಳಿದರಂತೆ. ಮಾಸ್ಟರು ಆ ನಾಲ್ವರ ತಾಯಂದಿರ ವಿಷಯವಾಗಿ ಕನ್ನಡ, ತುಳು, ತಮಿಳು ಮೂರರಲ್ಲೂ ಏನೇನೋ ಹೇಳಿದರಂತೆ, ಹೆಸರೊಂದನ್ನು ಬಿಟ್ಟು. ಎರಡನೆಯ ಸಲ ಇಳಿಸಿದ್ದು ಅದಕ್ಕೆ. ಬೆರಳು ಹೋದದ್ದು ಆಗ.

“ನೀನು ಬರೆದದ್ದು ಅಂತ ಮಾಸ್ಟರಿಗೆ ಆಗ ಗೊತ್ತಿರಲಿಲ್ಲವೋ?” ಎಂದು ತಮಿಳಿನಲ್ಲಿ ಕೇಳಿದ.

ನೋಟ್‌ಬುಕ್ಕಿನವನು ನಾನೊಬ್ಬನೇ ಅಲ್ಲವೇ, ಗೊತ್ತಿತ್ತು ಎಂದೆ.